ಇಂಗ್ಲೆಂಡಿನ ಸಿಎಪಿ ಅಪ್ರೆಂಟಿಸ್‌ಶಿಪ್: ಅರ್ಜಿ ಎಲ್ಲಿಗೆ, ಅರ್ಹತೆ ಏನು?

ಹೊಸ್ತಿಲು:
ತಂಗಿಗೆ 24 ವರ್ಷ, ಭಾರತದಲ್ಲಿ ಸೈಕಾಲಜಿ ಬಿಎ ಆಗಿದೆ. ಡಿಪೆಂಡೆಂಟ್ ವೀಸಾದಲ್ಲಿ ಇಂಗ್ಲೆಂಡಿಗೆ ಬಂದು ಎರಡು ವರ್ಷ, ಈಗ ಸಪೋರ್ಟ್ ವರ್ಕರ್. ಸಂಬಳ ತಗೊಂಡೇ ಓದಬಹುದು ಅಂತ ಸಿಎಪಿ, ಅಂದ್ರೆ ಕ್ಲಿನಿಕಲ್ ಅಸೋಸಿಯೇಟ್ ಇನ್ ಸೈಕಾಲಜಿ ಅಪ್ರೆಂಟಿಸ್‌ಶಿಪ್ ಹಿಂದೆ ಬಿದ್ದಿದ್ದಾಳೆ. ಅರ್ಜಿ ವಿಶ್ವವಿದ್ಯಾಲಯಕ್ಕೆ ಹಾಕಬೇಕೋ ಆಸ್ಪತ್ರೆಗೋ? ಮುಗಿಸಿದ ಮೇಲೆ ಸೈಕಾಲಜಿಸ್ಟ್ ಅಂತ ಹೇಳ್ಕೋಬಹುದಾ?

ಕಡತ:
ಅರ್ಜಿ ಕೆಲಸಕ್ಕೆ, ಸೀಟಿಗಲ್ಲ. ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಕೆಲಸಗಳ ಜಾಲತಾಣ ಎನ್‌ಎಚ್‌ಎಸ್ ಜಾಬ್ಸ್‌ನಲ್ಲಿ 'ಟ್ರೇನಿ ಕ್ಲಿನಿಕಲ್ ಅಸೋಸಿಯೇಟ್' ಅಂತ ಹುಡುಕಲಿ. ತರಬೇತಿಯಲ್ಲಿ ಸಾಮಾನ್ಯವಾಗಿ ಎನ್‌ಎಚ್‌ಎಸ್ ಸಂಬಳ ಶ್ರೇಣಿಯಲ್ಲಿ ಬ್ಯಾಂಡ್ 5 (2025-26ರಲ್ಲಿ ಆರಂಭಕ್ಕೆ ವರ್ಷಕ್ಕೆ 31,049 ಪೌಂಡ್), ಮುಗಿದ ಮೇಲೆ ಬ್ಯಾಂಡ್ 6. ಅಪ್ರೆಂಟಿಸ್ ಕೈಯಿಂದ ಫೀಸು ತಗೊಳ್ಳೋ ಹಾಗಿಲ್ಲ.

ಆದ್ರೆ ನಿಮ್ಮ ತಂಗಿ ವಿಷಯದಲ್ಲಿ ಮೂರು ಕಡೆ ತಡೆ ಇದೆ.

ಮೊದಲನೆಯದು ಬ್ರಿಟಿಷ್ ಸೈಕಲಾಜಿಕಲ್ ಸೊಸೈಟಿಯ ಜಿಬಿಸಿ ಮಾನ್ಯತೆ, ಅಂದ್ರೆ ನಿಮ್ಮ ಸೈಕಾಲಜಿ ಪದವಿ ತನ್ನ ಮಟ್ಟಕ್ಕಿದೆ ಅಂತ ಸೊಸೈಟಿ ಒಪ್ಪೋದು. ಹೊರದೇಶದ ಪದವಿಗೆ ಅದು ತಾನಾಗಿ ಬರಲ್ಲ, ಅರ್ಜಿ ಹಾಕಿ ಪಡೀಬೇಕು. ಅಂಕಪಟ್ಟಿಯ ಜೊತೆಗೆ ಆಯಾ ವರ್ಷದ ಸಿಲಬಸ್ ಪ್ರತಿಯನ್ನೂ ಈಗಲೇ ತರಿಸಿಡಿ. ಸ್ವಂತ ಸಂಶೋಧನಾ ಪ್ರಾಜೆಕ್ಟ್ ಇಲ್ಲದ ಬಿಎ ಇಲ್ಲಿ ಸಿಕ್ಕಿಬೀಳುತ್ತೆ. ಆಗ ಸೊಸೈಟಿ ಮಾನ್ಯ ಮಾಡಿದ ಕನ್ವರ್ಷನ್ ಎಂಎಸ್ಸಿಯೇ (ಆ ಕೊರತೆ ತುಂಬೋ ಸ್ನಾತಕೋತ್ತರ ಕೋರ್ಸು) ದಾರಿ.

ಎರಡನೆಯದು ವಾಸದ ನಿಯಮ. ವೀಸಾದಲ್ಲಿರೋರಿಗೆ ಅಪ್ರೆಂಟಿಸ್‌ಶಿಪ್ ಶುರುವಾಗೋ ದಿನಕ್ಕೆ ಯುಕೆಯಲ್ಲಿ ಮೂರು ವರ್ಷದ ವಾಸ ಆಗಿರಬೇಕು. ಎರಡು ಸಾಲದು.

ಮೂರನೆಯದೇ ದೊಡ್ಡದು. ಸಿಎಪಿ ಲೆವೆಲ್ 7, ಅಂದ್ರೆ ಸ್ನಾತಕೋತ್ತರ ಮಟ್ಟ. 2026 ಜನವರಿ 1ರಿಂದ ಹೊಸದಾಗಿ ಲೆವೆಲ್ 7 ಸೇರೋರಲ್ಲಿ ಸರ್ಕಾರದ ಹಣ 16ರಿಂದ 21 ವಯಸ್ಸಿನವರಿಗೆ ಮಾತ್ರ. ಕೇರ್ ಲೀವರ್ (ಸರ್ಕಾರದ ಆರೈಕೆಯಲ್ಲಿ ಬೆಳೆದವರು) ಥರದ ಕೆಲವರಿಗೆ 25ರೊಳಗೆ ವಿನಾಯಿತಿ ಇದೆ. ಪದವಿ ಮುಗಿಸಿ ಬರೋ ಕೆಲಸಕ್ಕೆ 21ರ ಮಿತಿ ಹಾಕಿದ್ರೆ ಉಳಿಯೋರು ಯಾರು ಅಂತ ಕೇಳಬೇಡಿ! ಹೀಗಾಗಿ ಜಾಹೀರಾತು ಕಂಡಾಗ ಮೊದಲ ಪ್ರಶ್ನೆ: 'ಕೋರ್ಸಿನ ದುಡ್ಡು ಎಲ್ಲಿಂದ, ಲೆವಿಯಿಂದಲೋ (ಅಪ್ರೆಂಟಿಸ್ ತರಬೇತಿಗೆ ದೊಡ್ಡ ಉದ್ಯೋಗದಾತರು ಕಟ್ಟೋ ತೆರಿಗೆ) ಬೇರೆ ನಿಧಿಯಿಂದಲೋ?' ಬೇರೆ ನಿಧಿ ಅಂದ್ರೆ 21ರ ಮಿತಿಯೂ ಮೂರು ವರ್ಷದ ಷರತ್ತೂ ಅನ್ವಯ ಆಗಬೇಕಿಲ್ಲ.

ಅರ್ಧಚಂದ್ರ:
ಒಳಗೆ ಹೋದ ಮೇಲಿನ ಕಥೆ ಬೇರೆ. ಅವಧಿ ಸುಮಾರು 18 ತಿಂಗಳು; ವಾರದ ಬಹುಪಾಲು ಕ್ಲಿನಿಕ್, ಉಳಿದದ್ದು ವಿಶ್ವವಿದ್ಯಾಲಯ. ಅನೇಕರು ಎಡವೋದು ಕಲಿಕೆ ಗಂಟೆಗಳ ಲೆಕ್ಕದಲ್ಲಿ. ಸಂಬಳದ ಸಮಯದಲ್ಲಿ ಹೊಸದಾಗಿ ಕಲಿತದ್ದು ಮಾತ್ರ ಲೆಕ್ಕಕ್ಕೆ. ಭಾನುವಾರ ರಾತ್ರಿ ಓದಿದ್ದು ಬರಲ್ಲ, ಮಾಮೂಲಿ ರೋಗಿಗಳನ್ನು ನೋಡಿದ್ದೂ ಬರಲ್ಲ. ವಾರ್ಡಿನಲ್ಲಿ ಜನ ಕಡಿಮೆ ಅಂತ ಓದೋ ದಿನ ಕಿತ್ತುಕೊಂಡ್ರೆ ಅದೇ ವಾರ ಲಾಗ್‌ನಲ್ಲಿ ಬರೆದು ವಿಶ್ವವಿದ್ಯಾಲಯದ ಟ್ಯೂಟರ್‌ಗೆ ತಿಳಿಸಬೇಕು. ಕೊನೆಗೆ ಗಂಟೆ ಕಡಿಮೆ ಬಿದ್ರೆ ಗೇಟ್‌ವೇ (ಅಂತಿಮ ಮೌಲ್ಯಮಾಪನಕ್ಕೆ ಮುಂಚಿನ ತಪಾಸಣೆ) ದಾಟಕ್ಕಾಗಲ್ಲ, ಅಂತಿಮ ಮೌಲ್ಯಮಾಪನ ಮುಂದಕ್ಕೆ ಹೋಗುತ್ತೆ.

ಎಡವೋ ಇನ್ನೊಂದು ಜಾಗ ಫಾರ್ಮ್ಯುಲೇಶನ್, ಅಂದ್ರೆ ರೋಗಿಯ ಸಮಸ್ಯೆ ಯಾಕೆ ಬಂತು, ಯಾಕೆ ಉಳಿದಿದೆ ಅನ್ನೋ ವಿವರಣೆ. ಐದು 'ಪಿ' ಡಬ್ಬಿಗಳನ್ನು (ಈಗಿನ ಸಮಸ್ಯೆ, ಹಿನ್ನೆಲೆ, ಪ್ರಚೋದನೆ, ಉಳಿಸೋ ಕಾರಣ, ಕಾಪಾಡೋ ಅಂಶ) ತುಂಬಿ ಮುಗೀತು ಅಂದ್ಕೋತಾರೆ. ಒಬ್ಬರಿಗೆ ಬಸ್ಸಲ್ಲಿ ಎದೆ ಹೊಡ್ಕೊಳ್ಳುತ್ತೆ ಅಂತಿಟ್ಕೊಳ್ಳಿ. ಮುಂದಿನ ಸ್ಟಾಪಲ್ಲೇ ಇಳೀತಾರೆ, ಐದು ನಿಮಿಷದಲ್ಲಿ ಸಮಾಧಾನ. 'ಬಸ್ ತಪ್ಪಿಸ್ತಾರೆ' ಅಂತ ಬರೆದ್ರೆ ಅದು ಪಟ್ಟಿ. ಇಳಿದ ತಕ್ಷಣ ಸಿಕ್ಕ ಸಮಾಧಾನವೇ 'ಇಳೀದೆ ಇದ್ದಿದ್ರೆ ಏನೋ ಆಗ್ತಿತ್ತು' ಅನ್ನೋ ನಂಬಿಕೆಯನ್ನು ಗಟ್ಟಿ ಮಾಡ್ತಿದೆ ಅಂತ ಬರೆದ್ರೆ ಫಾರ್ಮ್ಯುಲೇಶನ್. ಚಿಕಿತ್ಸೆ ಎಲ್ಲಿಂದ ಶುರುವಾಗಬೇಕು ಅನ್ನೋದು ಆ ವಾಕ್ಯದಲ್ಲೇ ಇದೆ: ಇಳೀದೆ ಕೂತು ನೋಡೋದು.

ಹೊಸ್ತಿಲು:
ಕಡತ ಅವರೇ, ಲೆವೆಲ್ 7 ಬಾಗಿಲು ಮುಚ್ಚಿದ್ರೆ ಪಿಡಬ್ಲ್ಯುಪಿ ಪ್ರಯತ್ನಿಸಬಹುದಾ?

ಕಡತ:
ಧಾರಾಳವಾಗಿ. ಸೈಕಲಾಜಿಕಲ್ ವೆಲ್‌ಬೀಯಿಂಗ್ ಪ್ರಾಕ್ಟೀಷನರ್ ಅಪ್ರೆಂಟಿಸ್‌ಶಿಪ್ ಲೆವೆಲ್ 6, ಹಾಗಾಗಿ ಆ 21ರ ಕತ್ತರಿ ಬೀಳಲ್ಲ. ಮೂರು ವರ್ಷದ ವಾಸ ಮಾತ್ರ ಅಲ್ಲೂ ಬೇಕು. ಸುಮಾರು ಒಂದು ವರ್ಷ. ತರಬೇತಿಯಲ್ಲಿ ಬ್ಯಾಂಡ್ 4, ಆಮೇಲೆ 5. ಕೆಲಸ ಎನ್‌ಎಚ್‌ಎಸ್ ಟಾಕಿಂಗ್ ಥೆರಪೀಸ್‌ನಲ್ಲಿ, ಸೌಮ್ಯದಿಂದ ಮಧ್ಯಮ ಮಟ್ಟದ ಖಿನ್ನತೆ, ಆತಂಕ ಇರೋರ ಜೊತೆ. ಕನಿಷ್ಠ 80 ಗಂಟೆ ರೋಗಿ ಸಂಪರ್ಕ, 40 ಗಂಟೆ ಸೂಪರ್‌ವಿಷನ್. ಕೋರ್ಸಿನಲ್ಲಿ ರೋಗಿಯನ್ನು ಮಾತಾಡಿಸಿ ತೋರಿಸೋ ಪರೀಕ್ಷೆಯಲ್ಲಿ ಅನೇಕರು ಎಡವೋದು ಜೀವಕ್ಕೆ ಅಪಾಯ ಇದೆಯಾ ಅಂತ ಕೇಳೋ ಪ್ರಶ್ನೆಗಳಲ್ಲಿ. ಖಿನ್ನತೆ ಅಳೆಯೋ ಪ್ರಶ್ನಾವಳಿ ಪಿಎಚ್‌ಕ್ಯೂ-9ರ ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆ ಬಗ್ಗೆ. ಅದಕ್ಕೆ 1 ಅಂಕ ಬಂದ್ರೂ ನಿಂತು, ಯೋಜನೆ ಇದೆಯಾ, ಸಾಧನ ಕೈಗೆ ಸಿಗುತ್ತಾ, ತಡೆಯೋದು ಏನು ಅಂತ ಕೇಳಲೇಬೇಕು.

ನೀರ್ಗನ್ನಡಿ:
ಹೆಸರಿನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಆರೋಗ್ಯ ವೃತ್ತಿಗಳ ನಿಯಂತ್ರಣ ಸಂಸ್ಥೆ ಎಚ್‌ಸಿಪಿಸಿ 2009ರಿಂದ 'ಕ್ಲಿನಿಕಲ್ ಸೈಕಾಲಜಿಸ್ಟ್', 'ಪ್ರಾಕ್ಟೀಷನರ್ ಸೈಕಾಲಜಿಸ್ಟ್' ಥರದ ಹೆಸರುಗಳನ್ನು ಕಾನೂನಿನಡಿ ಕಾಯ್ತಿದೆ. ಸಿಎಪಿ ಮುಗಿಸಿದವರು ಅವನ್ನು ಬಳಸಿದ್ರೆ ಅಪರಾಧ. ಬರೀ 'ಸೈಕಾಲಜಿಸ್ಟ್' ಕಾನೂನಿನ ರಕ್ಷಣೆಯಲ್ಲಿಲ್ಲ, ಆದ್ರೂ ಬೋರ್ಡಿಗೆ ಬೇಡ. ಸಿಎಪಿ ಕೆಲಸ ನೋಂದಾಯಿತ ಸೈಕಾಲಜಿಸ್ಟರ ಮೇಲ್ವಿಚಾರಣೆಯಲ್ಲೇ ನಡೆಯೋದು. ಡಾಕ್ಟರೇಟ್ ಆಸೆ ಇದ್ರೆ ಇನ್ನೊಂದು ಲೆಕ್ಕ: ಎನ್‌ಎಚ್‌ಎಸ್ ಹಣದ ಒಂದು ತರಬೇತಿ ಮುಗಿದ ಎರಡು ವರ್ಷದೊಳಗೆ ಇನ್ನೊಂದಕ್ಕೆ ಹಣ ಕೊಡಬಾರದು ಅನ್ನೋ ನಿಯಮ 2022ರಲ್ಲಿ ಬಂತು. ಅರ್ಜಿ ಹಾಕೋ ವರ್ಷ ಆ ನಿಯಮ ಯಾವ ತರಬೇತಿಗಳಿಗೆ ಅನ್ನೋ ಪಟ್ಟಿ ತೆಗೆದು ದಿನಾಂಕ ಎಣಿಸಿ ಹೊರಡಲಿ.