ಸಹಾಯ ಬೇಕು: ಹಳೇ ಜೀಪಿಗೆ ಯಾವ ಬ್ರೇಕ್ ಮಾಸ್ಟರ್ ಸಿಲಿಂಡರ್?

ನಮಸ್ಕಾರ. ಅಪ್ಪನ ಕಾಲದ ಮಹೀಂದ್ರಾ ಸಿಜೆ 3ಬಿ ಇದೆ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ನಾಲ್ಕಕ್ಕೂ ಸೇರಿ ಬ್ರೇಕ್ ಆಯಿಲ್‌ನ ಒಂದೇ ಸರ್ಕ್ಯೂಟ್. ಹೋದ ತಿಂಗಳು ನಂದಿ ಬೆಟ್ಟ ಇಳಿಯುವಾಗ ಹಿಂದಿನ ಒಂದು ವೀಲ್ ಸಿಲಿಂಡರ್ (ಚಕ್ರದೊಳಗೆ ಬ್ರೇಕ್ ಒತ್ತುವ ಭಾಗ) ಸೋರಿ ಪೆಡಲ್ ಸೀದಾ ನೆಲ ಮುಟ್ಟಿತು. ಸೋರಿದ್ದು ಒಂದು, ಹೋಗಿದ್ದು ನಾಲ್ಕೂ! ಫಸ್ಟ್ ಗೇರ್ ಮತ್ತು ಹ್ಯಾಂಡ್‌ಬ್ರೇಕ್ ಕಾಪಾಡಿದವು. ಹೆಂಡತಿ ಅವತ್ತಿನಿಂದ ಜೀಪ್ ಹತ್ತಿಲ್ಲ.

ಜೆ.ಸಿ. ರಸ್ತೆಯಿಂದ ಹೊಸ ವೀಲ್ ಸಿಲಿಂಡರ್, ಹೋಸ್ ತಂದು ಹಾಕಿಸಿದೆ. ಮುಂದೆ ಡಿಸ್ಕ್ ಕೂಡ ಹಾಕಿಸಿದೆ. ತಲೆನೋವು ಶುರುವಾಗಿದ್ದೇ ಅಲ್ಲಿ. ಪೆಡಲ್ ಒತ್ತಿದಾಗ ಚಕ್ರಗಳಿಗೆ ಆಯಿಲ್ ತಳ್ಳುವ ಹಳೇ ಮಾಸ್ಟರ್ ಸಿಲಿಂಡರ್ ಒಳಗೆ ಡ್ರಮ್‌ಗೆಂದು ಒತ್ತಡ ಹಿಡಿದಿಡುವ ವಾಲ್ವ್ ಇದೆ. ಅದರಿಂದ ಡಿಸ್ಕ್ ಬಿಡದೆ ಕಾದು ಕೆಂಡವಾಗುತ್ತಿತ್ತು. ವಾಲ್ವ್ ತೆಗೆಸಿದೆ. ಈಗ, ಮಾಸ್ಟರ್ ಸಿಲಿಂಡರ್ ಫ್ಲೋರ್ ಕೆಳಗಿರುವುದರಿಂದ, ಡಿಸ್ಕ್ ಹಿಡಿಯುವ ಕ್ಯಾಲಿಪರ್‌ನ ಆಯಿಲ್ ವಾಪಸ್ ಇಳಿದು, ಪ್ರತಿ ಸಲ ಎರಡು ಪಂಪ್ ಹೊಡೆಯಬೇಕು. ನಾಲ್ಕು ಸಲ ಏರ್ ತೆಗೆಸಿದರೂ ಅಷ್ಟೇ.

ಮೆಕ್ಯಾನಿಕ್ "ಬೂಸ್ಟರ್ ಹಾಕಿಸಿ ಸಾರ್" ಅಂತಾರೆ. ಬೂಸ್ಟರ್ ಕಾಲಿನ ಭಾರ ಇಳಿಸುತ್ತೆ, ಇದಕ್ಕೇನು ಮಾಡುತ್ತೆ? ನನ್ನ ಲೆಕ್ಕ ಬೇರೆ: ಎರಡು ಸರ್ಕ್ಯೂಟ್‌ನ ಟ್ಯಾಂಡಮ್ ಸಿಲಿಂಡರ್, ಡಿಸ್ಕ್ ಲೈನಿಗೆ 2 ಪಿಎಸ್‌ಐ ಒತ್ತಡ ಹಿಡಿದಿಡುವ ವಾಲ್ವ್, ಡ್ರಮ್ ಲೈನಿಗೆ 10.

ಈ ಜೀಪಿನ ಫ್ಲೋರ್ ಕೆಳಗೆ ಟ್ಯಾಂಡಮ್ ಕೂರಿಸಿದವರು ಯಾರಾದರೂ ಇದ್ದೀರಾ? ಯಾವ ಗಾಡಿಯದ್ದು ಕೂರುತ್ತೆ, ಬೋರ್ (ಒಳ ವ್ಯಾಸ) ಎಷ್ಟಿರಬೇಕು? ಇಲ್ಲಾ, ಎಂಜಿನ್ ಹಿಂದಿನ ಫೈರ್‌ವಾಲ್‌ಗೇ ಎತ್ತಿ ಕೂರಿಸಬೇಕಾ?