ಅಪ್‌ಡೇಟ್: ಬತ್ತಿಸಿದ್ದ ಹೊಂಡಕ್ಕೆ ನೀರು ಮರಳಿತು

ಉತ್ತರ ಡಕೋಟಾದ ನಮ್ಮ ದನದ ರಾಂಚಿನಲ್ಲಿ ಹಿಂದಿನವರು ಕಾಲುವೆ ತೋಡಿ ಬತ್ತಿಸಿದ್ದ ಹೊಂಡವನ್ನು ಬಾತುಗಳಿಗಾಗಿ ಮತ್ತೆ ತುಂಬಿಸಬಹುದೇ ಎಂದು ಕಳೆದ ವರ್ಷ ನಿಮ್ಮನ್ನು ಕೇಳಿದ್ದೆ. ನೀವು ಸೂಚಿಸಿದಂತೆ, ಖಾಸಗಿ ಭೂಮಾಲೀಕರಿಗೆ 1987ರಿಂದ ನೆರವಾಗುತ್ತಿರುವ ಅಮೆರಿಕದ ಮೀನು ಮತ್ತು ವನ್ಯಜೀವಿ ಸೇವೆಯ ಪಾಲುದಾರಿಕೆ ಯೋಜನೆಯವರ ಮಾರ್ಗದರ್ಶನದಲ್ಲಿ ಕಾಲುವೆಗೆ ಮಣ್ಣಿನ ಒಡ್ಡು ಹಾಕಿಸಿದೆವು. ಹಿಮ ಕರಗಿದ ನೀರು ಈ ವಸಂತದಲ್ಲಿ ಅಲ್ಲೇ ನಿಂತಿತು. ನೀರಿನಷ್ಟೇ ಹುಲ್ಲೂ ಮುಖ್ಯವೆಂಬುದು ಈಗ ಮನವರಿಕೆಯಾಗಿದೆ, ಏಕೆಂದರೆ ನೀಲಿರೆಕ್ಕೆಯ ಟೀಲ್ ಬಾತು ಗೂಡು ಮಾಡುವುದು ಸುತ್ತಲಿನ ಒಣನೆಲದ ಹುಲ್ಲಿನ ಮರೆಯಲ್ಲಿ. ಜೂನ್‌ನಲ್ಲಿ ಹೋದ ವರ್ಷದ ಒಣಹುಲ್ಲನ್ನು ಸರಿಸಿದಾಗ, ತಾಯಿಹಕ್ಕಿ ತನ್ನ ಎದೆಯಿಂದ ಕಿತ್ತು ಹಾಸಿದ್ದ ಮೃದುವಾದ ಪುಕ್ಕಗಳ ನಡುವೆ ಒಂಬತ್ತು ಕೆನೆಬಣ್ಣದ ಮೊಟ್ಟೆಗಳಿದ್ದವು. ಹಾಗೆಯೇ ಮುಚ್ಚಿ ಹಿಂದೆ ಸರಿದೆ. ಹುಲ್ಲಿನಲ್ಲೇ ಗೂಡು ಮಾಡುವ ಫೆಸೆಂಟ್ ಎಂಬ ಕೋಳಿಜಾತಿಯ ಹಕ್ಕಿಯ ಗೂಡುಗಳಿಗಾಗಿ ಹುಲ್ಲಿನ ಕೊಯ್ಲನ್ನೂ ಆಗಸ್ಟ್‌ಗೆ ಮುಂದೂಡಿದೆವು. ದನಗಳನ್ನು ಸರದಿಯಂತೆ ಮೇಯಿಸಲು ಬೇಕಾದ ಬೇಲಿಯ ಕೆಲಸ ಇನ್ನೂ ಬಾಕಿಯಿದೆ.