ಕಥೆಯೊಳಗಿನ ಹಿರಿಯರು ಎಷ್ಟು ಮಾತಾಡಬೇಕು?

ಸಾಗರದ ಓದುಗ (ಪ್ರಶ್ನೆ):

ಮಾನ್ಯರೇ, ಬೇಸಿಗೆ ರಜೆಯಲ್ಲಿ ನಮ್ಮೂರಿನ ಮಕ್ಕಳು ಆಡಲೆಂದು ಒಂದು ನಾಟಕ ಬರೆಯುತ್ತಿದ್ದೇನೆ. ಕಾಡಿನಲ್ಲಿ ದಾರಿ ತಪ್ಪಿದ ಹುಡುಗಿಗೆ ಒಬ್ಬ ಅಜ್ಜ ಎದುರಾಗುತ್ತಾನೆ. ಎಲ್ಲವನ್ನೂ ಬಲ್ಲವನು, ಕೇಳಿದ್ದಕ್ಕೆಲ್ಲ ಉತ್ತರ ಕೊಡುವವನು. ಆದರೆ ಓದಿ ಹೇಳಿದಾಗ, ಅಜ್ಜನ ದೃಶ್ಯ ಬಂದ ಕೂಡಲೇ ಮಕ್ಕಳು ಆಕಳಿಸಿದರು. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ (1875–1961) ನಾಡುನಾಡಿನ ಕಥೆಗಳಲ್ಲಿ ಮರಳಿ ಮರಳಿ ಬರುವ ಮೂಲಪ್ರತಿಮೆಗಳಲ್ಲಿ ವಿವೇಕಿ ವೃದ್ಧನನ್ನೂ ಒಂದೆಂದು ಗುರುತಿಸಿದ್ದಾರೆ. ಅಷ್ಟು ಹಳೆಯ, ಅಷ್ಟು ಬಲವುಳ್ಳ ಪಾತ್ರ ನನ್ನ ಕೈಯಲ್ಲಿ ಬರಿಯ ನೀತಿಪಾಠವಾದದ್ದೇಕೆ? ನಮ್ಮ ಕಥೆಗಳ ಹಿರಿಯರು ನಿಜವಾಗಿ ಮಾಡುವ ಕೆಲಸವೇನು?

ಹೊಸಹಳ್ಳಿಯ ಕೇಳುಗ:

ತಮ್ಮ ಪ್ರಶ್ನೆ ಓದುತ್ತಲೇ ನನಗೆ ನೆನಪಾದವನು ಜಾಂಬವಂತ. ವಾಲ್ಮೀಕಿಯ ಕಿಷ್ಕಿಂಧಾಕಾಂಡದ ಕೊನೆಯಲ್ಲಿ, ಕಡಲ ದಡದಲ್ಲಿ ಕಂಗೆಟ್ಟು ಕುಳಿತ ಕಪಿಗಳು ತಾವು ಎಷ್ಟೆಷ್ಟು ಯೋಜನ ಹಾರಬಲ್ಲೆವೆಂದು ಒಬ್ಬೊಬ್ಬರಾಗಿ ಹೇಳುತ್ತಾರೆ. ದಾಟಬೇಕಾದದ್ದು 100 ಯೋಜನ. ವಾಮನನು ತ್ರಿವಿಕ್ರಮನಾಗಿ ಬೆಳೆದಾಗ ಅವನಿಗೆ ಪ್ರದಕ್ಷಿಣೆ ಬಂದಿದ್ದ ಜಾಂಬವಂತ, ಈಗ ವಯಸ್ಸಾಯಿತು, 90ಕ್ಕಿಂತ ಹೆಚ್ಚು ಸಾಧ್ಯವಿಲ್ಲ ಎಂದು ಒಪ್ಪಿಕೊಳ್ಳುತ್ತಾನೆ. ಆ ಬಳಿಕವೇ ಅವನು, ಒಂದು ಕಡೆ ಮಾತಿಲ್ಲದೆ ಕುಳಿತ ಹನುಮಂತನ ಬಳಿಗೆ ಹೋಗಿ, ಅವನ ಹುಟ್ಟಿನ ಕಥೆಯನ್ನು ಅವನಿಗೇ ಹೇಳುತ್ತಾನೆ. ಹೊಸ ವಿದ್ಯೆಯನ್ನೇನೂ ಕಲಿಸುವುದಿಲ್ಲ. ತನ್ನ ಅಳವು ಎಲ್ಲಿಗೆ ಮುಗಿಯುತ್ತದೆಂಬುದು ಗೊತ್ತಿರುವುದರಿಂದಲೇ ಅವನಿಗೆ ಇನ್ನೊಬ್ಬನ ಅಳವು ಕಾಣುತ್ತದೆ. ಇದು ಆ ಪಾತ್ರದ ಜೀವಾಳವೆಂದು ನಾನು ತಿಳಿದಿದ್ದೇನೆ.

ಇನ್ನು ಭೀಷ್ಮ. ತುಂಗೆಯ ದಡದ ಹೊಸಹಳ್ಳಿ, ಮತ್ತೂರುಗಳಲ್ಲಿ ಗಮಕ ಕೇಳುತ್ತ ಬೆಳೆದ ನಮಗೆ ಭಾರತವೆಂದರೆ ಕುಮಾರವ್ಯಾಸನದು, ಮತ್ತು ಅದು ಹತ್ತನೆಯದಾದ ಗದಾಪರ್ವಕ್ಕೆ ಮುಗಿಯುತ್ತದೆ. ಶರಶಯ್ಯೆಯಲ್ಲಿ ಮಲಗಿ ಧರ್ಮರಾಯನಿಗೆ ದೀರ್ಘವಾಗಿ ಉಪದೇಶಿಸುವ ಭೀಷ್ಮ ಬರುವುದು ಶಾಂತಿ, ಅನುಶಾಸನ ಪರ್ವಗಳಲ್ಲಿ, ಅವು ಅದರಲ್ಲಿಲ್ಲ. ಆ ಉಪದೇಶವನ್ನು ಕೇಳದೆಯೇ ನಾವು ಅವನನ್ನು ಪಿತಾಮಹನೆಂದು ಎದೆಯಲ್ಲಿಟ್ಟುಕೊಂಡೆವು. ವ್ಯಾಸಭಾರತದ ದ್ಯೂತಸಭೆಯಲ್ಲಂತೂ ದ್ರೌಪದಿಯ ಪ್ರಶ್ನೆಗೆ ಈ ಹಿರಿಯ, ಧರ್ಮ ಸೂಕ್ಷ್ಮವಾದದ್ದು, ನಿರ್ಣಯಿಸಲಾರೆ ಎಂದುಬಿಡುತ್ತಾನೆ. ಎದ್ದು ನಿಂತು ಇದು ಅನ್ಯಾಯವೆಂದು ಹೇಳುವವನು ದುರ್ಯೋಧನನ ತಮ್ಮನೇ ಆದ ವಿಕರ್ಣ. ತಮ್ಮ ನಾಟಕದ ಅಜ್ಜನಿಗೂ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆಯನ್ನು ಆ ಹುಡುಗಿ ಕೇಳಲಿ.

ತೀರ್ಥಹಳ್ಳಿಯಿಂದ:

ಅಜ್ಜನೇ ಏಕೆ ಬೇಕು? ನಮ್ಮ ಜನಪದ ಕಥೆಗಳಲ್ಲಿ ಊರಾಚೆಯ ಗುಡಿಸಲಿನಲ್ಲಿ ಅಡುಗೂಲಜ್ಜಿ ಇದ್ದಾಳಲ್ಲ. ಅಡು, ಕೂಳು ಎಂಬ ಮಾತುಗಳು ಆ ಹೆಸರಿನಲ್ಲೇ ಇವೆ. ದಣಿದು ಬಂದ ರಾಜಕುಮಾರನಿಗೆ ಅವಳು ಮೊದಲು ಅನ್ನ ಬಡಿಸುತ್ತಾಳೆ, ಮಲಗಲು ಜಾಗ ಕೊಡುತ್ತಾಳೆ. ಊರಿನ ಗುಟ್ಟು ಬಾಯಿಗೆ ಬರುವುದು ಆಮೇಲೆ, ಅದೂ ಅಡುಗೆಯ ಕೆಲಸದ ನಡುವೆ. ಉಣ್ಣಿಸಿದವಳ ಮಾತು ಬೋಧನೆಯಂತೆ ಕೇಳಿಸುವುದಿಲ್ಲ.

ಸಾಗರದ ಓದುಗ:

ಇಬ್ಬರಿಗೂ ಕೃತಜ್ಞತೆಗಳು. ಅಜ್ಜನನ್ನು ಅಜ್ಜಿಯಾಗಿಸಲು ಮನಸ್ಸು ಒಪ್ಪುತ್ತಿದೆ. ಆದರೆ ಅವಳು ಉತ್ತರ ಹೇಳದಿದ್ದರೆ ಹುಡುಗಿಗೆ ದಾರಿ ತಿಳಿಯುವುದು ಹೇಗೆ?

ಶಿಕಾರಿಪುರದ ಕಡೆಯವನು:

ವಚನಕಾರ ಅಲ್ಲಮಪ್ರಭುವಿನ ಊರಾದ ಬಳ್ಳಿಗಾವೆ ನಮ್ಮ ತಾಲ್ಲೂಕಿನದೇ ಆದ್ದರಿಂದ ಅವನ ಕಥೆಯನ್ನು ಮುಂದಿಡುತ್ತೇನೆ. ಕವಿ ಹರಿಹರನು ಹೇಳುವಂತೆ, ತನ್ನ ಪ್ರಿಯೆ ಕಾಮಲತೆಯನ್ನು ಕಳೆದುಕೊಂಡ ದುಃಖದಲ್ಲಿ ಅಲ್ಲಮ ಕಾಲುಗುರಿನಿಂದ ನೆಲ ಕೆದಕುತ್ತಿರಲು ಒಂದು ಕಳಶ ಕಾಣುತ್ತದೆ. ಅಗೆಸಿದರೆ ದೇಗುಲ, ಒಳಗೆ ಲಿಂಗವನ್ನು ಹಿಡಿದು ಧ್ಯಾನದಲ್ಲಿರುವ ಅನಿಮಿಷ. ಲಿಂಗ ಅಲ್ಲಮನ ಕೈಗೆ ಬರುತ್ತಲೇ ಗುರುವಿನ ಪ್ರಾಣ ಹೋಗುತ್ತದೆ. ಅಲ್ಲಿ ಉಪದೇಶಕ್ಕೆ ಸಮಯವೇ ಇಲ್ಲ.

ತಾವು ಯೂಂಗರ ಹೆಸರೆತ್ತಿದ್ದರಿಂದ ಇನ್ನೊಂದು ಮಾತು. ಕಥೆಗಳ ಮುದುಕನು ನಾಯಕ ದಿಕ್ಕುತೋಚದೆ ನಿಂತಾಗ ಬರುತ್ತಾನೆ, ಬಂದು ಯಾರು, ಏಕೆ, ಎಲ್ಲಿಂದ, ಎಲ್ಲಿಗೆ ಎಂದು ಕೇಳುತ್ತಾನೆ ಎಂಬುದನ್ನು ಅವರೂ ಗಮನಿಸಿದ್ದರು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಪ್ಪಯ್ಯನಿಗೂ ಚಿಕ್ಕಪ್ಪನಿಗೂ ತೋಟದ ಬಸಿಗಾಲುವೆಯ ವಿಷಯದಲ್ಲಿ ಮಾತು ನಿಂತು ಎರಡು ಮಳೆಗಾಲ ಕಳೆದಿದ್ದವು. ಆಚೆಮನೆಯ ಅಜ್ಜಿಯೊಬ್ಬರು ಒಂದು ದಿನ ನಮ್ಮ ಜಗಲಿಯಲ್ಲಿ ಕವಳ ಹಾಕಿಕೊಂಡು, ಇಬ್ಬರನ್ನೂ ತೋಟಕ್ಕೆ ಕರೆದೊಯ್ದು, ಕೋಲೂರಿಕೊಂಡು ಕಾಲುವೆಯ ಉದ್ದಕ್ಕೂ ನಡೆದರು. ಯಾರದು ಸರಿಯೆಂದು ಅವರು ಹೇಳಲಿಲ್ಲ. "ನಿಮ್ಮ ಅಪ್ಪನ ಕಾಲದಲ್ಲಿ ಈ ನೀರು ಎಲ್ಲಿಗೆ ಹೋಗ್ತಿತ್ತು ಮಾರಾಯ?" ಎಂದು ಅಪ್ಪಯ್ಯನನ್ನು ಕೇಳಿದರು, ಅದೇ ಪ್ರಶ್ನೆಯನ್ನು ಚಿಕ್ಕಪ್ಪನಿಗೂ ಕೇಳಿದರು. ಇಬ್ಬರೂ ಕೈತೋರಿಸಿದ್ದು ಒಂದೇ ತಗ್ಗಿನ ಕಡೆಗೆ. ಮರುದಿನ ಹಾರೆ ಹಿಡಿದು ಅಲ್ಲಿಯ ಹೂಳು ತೆಗೆದವರು ಅವರಿಬ್ಬರೇ.

ನಿಮ್ಮ ಅಜ್ಜಿಯೂ ಆ ಹುಡುಗಿಯನ್ನು, ಬರುವಾಗ ಹಳ್ಳವನ್ನು ಎಷ್ಟು ಸಲ ದಾಟಿದೆ ಮಗಾ, ಎಂದಷ್ಟೇ ಕೇಳಲಿ. ಎಣಿಸುತ್ತ ಎಣಿಸುತ್ತ ದಾರಿ ಅವಳಿಗೇ ನೆನಪಾಗುತ್ತದೆ.